ಬಾಯಿಗೆ ತಕ್ಕ ತುತ್ತು, ಮೀನಿಗೆ ತಕ್ಕ ಹುಳು

ಗಾಳ ಹಾಕುವುದು ಕೆಲಸವಿಲ್ಲದವರ ಕೆಲಸ ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಇದೆ. ಕೃಷಿಕರಿಗಾಗಿ ಇರುವ ಈ ಪತ್ರಿಕೆಯಲ್ಲಿ ಗಾಳದ ಹುಳುವಿನ ಗಾತ್ರದ ಬಗ್ಗೆ ಬರೆಯಲು ಹೊರಟಿದ್ದೇನೆಂದರೆ ಕೆಲವರು ನಗಲೂಬಹುದು. ನಗಲಿ, ಬೇಸರವಿಲ್ಲ. ಎರಡು ವರ್ಷಗಳ ಹಿಂದೆ ನಾನೂ ಹಾಗೆಯೇ ನಗುತ್ತಿದ್ದೆ. ಆದರೆ ಒಂದು ವರ್ಷದ ಮೀನು ಬೆಳೆ ಕೈಬಿಟ್ಟ ಮೇಲೆ, ತುತ್ತಿನ ಗಾತ್ರಕ್ಕೂ ಬಾಯಿಯ ಗಾತ್ರಕ್ಕೂ ಇರುವ ಸಂಬಂಧ ತಿಳಿಯದವನು ಹೊಂಡದಲ್ಲಿ ಮೀನು ಸಾಕಬಾರದು ಎಂಬ ಅಭಿಪ್ರಾಯಕ್ಕೆ ಬಂದಿದ್ದೇನೆ. ಅದಕ್ಕೆ ಕಾರಣವನ್ನು ಓದುಗರ ಮುಂದೆ ಇಡುತ್ತೇನೆ.

ನಾನು ತೆತ್ತ ದಂಡ

ನಮ್ಮ ತೋಟದ ಕೆಳಗೆ ಹತ್ತು ಗುಂಟೆಯ ಒಂದು ಹೊಂಡವಿದೆ. ಮಳೆಗಾಲದಲ್ಲಿ ಮೇಲಿನ ಕಾಲುವೆಯ ನೀರು ಅದಕ್ಕೆ ಬೀಳುತ್ತದೆ. ಬೇಸಿಗೆಯಲ್ಲೂ ಎದೆಮಟ್ಟದ ನೀರು ನಿಲ್ಲುತ್ತದೆ. ನೀರು ಸುಮ್ಮನೆ ನಿಂತಿರುವುದಕ್ಕಿಂತ ನಾಲ್ಕು ಕಾಸು ಬರಲಿ ಎಂದು ಕಾಟ್ಲಾ, ರೋಹು ಮತ್ತು ಮೃಗಾಲ್ ಮರಿಗಳನ್ನು ಸಾವಿರದ ಲೆಕ್ಕದಲ್ಲಿ ತಂದು ಬಿಟ್ಟೆ. ಮಾರುವವರ ಬಳಿ ಎರಡು ಗಾತ್ರದ ಮರಿಗಳಿದ್ದವು. ಒಂದು ಅಂಗುಲದ ಸಣ್ಣ ಮರಿ ಅಗ್ಗ, ಬೆರಳುದ್ದದ ಬಲಿತ ಮರಿ ತುಟ್ಟಿ. ಹೇಗೂ ನೀರಿನಲ್ಲಿ ಬೆಳೆಯುವುದೇ ಅಲ್ಲವೇ ಎಂದು ಅಗ್ಗದ್ದನ್ನೇ ಆರಿಸಿದೆ. ಒಂಬತ್ತು ತಿಂಗಳು ತವುಡು, ಕಡಲೆಕಾಯಿ ಹಿಂಡಿ ಹಾಕಿದ್ದಾಯಿತು. ಬಲೆ ಎಳೆಸಿದ ದಿನ ಸಿಕ್ಕಿದ ಗೆಂಡೆಗಳು ನಲವತ್ತನ್ನು ದಾಟಲಿಲ್ಲ. ಅದರ ಜೊತೆಗೆ, ಬಲೆಯ ತುದಿಯಲ್ಲಿ ಕಪ್ಪಗೆ ಹೊಳೆಯುತ್ತ ಒದ್ದಾಡಿದ್ದು ಹನ್ನೊಂದು ಕೊರವ ಮೀನು. ನಾನು ಕೊರವನ್ನು ಬಿಟ್ಟಿರಲೇ ಇಲ್ಲ.

ಬಲೆ ಎಳೆಯಲು ಬಂದಿದ್ದ ವಯಸ್ಸಾದ ಮೀನುಗಾರರೊಬ್ಬರು ಒಂದು ಕೊರವನ ಬಾಯಿಯನ್ನು ಎರಡು ಬೆರಳಿನಿಂದ ಅಗಲಿಸಿ ತೋರಿಸಿದರು. "ನೋಡಿ ಸ್ವಾಮಿ, ಈ ಬಾಯೊಳಗೆ ನನ್ನ ಹೆಬ್ಬೆರಳು ಸಲೀಸಾಗಿ ಹೋಗ್ತದೆ. ನೀವು ಬಿಟ್ಟ ಮರಿ ನನ್ನ ಕಿರುಬೆರಳಿನ ಅರ್ಧ ಇರಲಿಲ್ಲ. ನೀವು ಮೀನು ಸಾಕಲಿಲ್ಲ, ಕೊರವನಿಗೆ ಊಟ ಹಾಕಿದ್ರಿ" ಎಂದರು. ಅವರ ಮಾತಿನಲ್ಲಿ ಕುಹಕವಿರಲಿಲ್ಲ. ಆದರೂ ನನಗೆ ನಾಟಿತು.

ಕೊರವ, ಕೆಲವು ಕಡೆ ಕುಚ್ಚು ಎನ್ನುವ ಈ ಮೀನು ಗಾಳಿಯನ್ನು ಉಸಿರಾಡಬಲ್ಲದು. ಹೊಸ ಮಳೆಯಲ್ಲಿ ಕಾಲುವೆಯ ನೀರಿನ ಜೊತೆ ಬರುತ್ತದೆ; ಒದ್ದೆ ನೆಲದ ಮೇಲೆ ಸ್ವಲ್ಪ ದೂರ ತೆವಳಿಕೊಂಡೂ ಬರುತ್ತದೆ. ನೀರು ಬತ್ತಿದರೆ ಕೆಸರಿನೊಳಗೆ ಹುದುಗಿ ಕಾಲ ಕಳೆಯುತ್ತದೆ. ಬಲೆ ಎಳೆದರೆ ಬಲೆಯ ಕೆಳಗೆ ಕೆಸರಿನಲ್ಲಿ ನುಸುಳುತ್ತದೆ. ಹೀಗಾಗಿ ಹನ್ನೊಂದು ಸಿಕ್ಕಿದವೆಂದರೆ ಇನ್ನಷ್ಟು ಉಳಿದಿವೆ ಎಂದೇ ಅರ್ಥ. ಮುಂದಿನ ಮರಿ ಬಿಡುವ ಮೊದಲು ಅವುಗಳನ್ನು ತೆಗೆಯಬೇಕಿತ್ತು. ಅಲ್ಲಿಂದ ನನ್ನ ಗಾಳದ ಪಾಠ ಶುರುವಾಯಿತು.

ಪೇಟೆಯಿಂದ ಬಂದ ರಬ್ಬರ್ ಹುಳು

ದಸರಾ ರಜೆಗೆ ಬಂದ ನನ್ನ ಅಕ್ಕನ ಮಗ ಒಂದು ಪೆಟ್ಟಿಗೆ ತಂದಿದ್ದ. ಅದರ ತುಂಬ ಬಣ್ಣಬಣ್ಣದ ಮೆತ್ತನೆಯ ಹುಳುಗಳು: ಕಪ್ಪು, ನೇರಳೆ, ಹಸಿರು, ಮೂರು ಅಂಗುಲದಿಂದ ಹತ್ತು ಅಂಗುಲದವರೆಗೆ. ಮುಟ್ಟಿದರೆ ಜೀವಂತ ಎರೆಹುಳುವಿನಂತೆಯೇ ಬಳುಕುತ್ತಿದ್ದವು. "ಮಾವ, ದೊಡ್ಡ ಮೀನಿಗೆ ದೊಡ್ಡ ಹುಳು" ಎಂದು ಎಂಟು ಅಂಗುಲದ್ದನ್ನು ಗಾಳಕ್ಕೆ ಸಿಕ್ಕಿಸಿ ಬೆಳಗಿನಿಂದ ಸಂಜೆಯವರೆಗೆ ಎಸೆದ. ನಾಲ್ಕು ಸಲ ಬಾಲ ಹರಿದು ಬಂತೇ ಹೊರತು ಮೀನು ಬರಲಿಲ್ಲ. ಮರುದಿನ ಮೂರು ಅಂಗುಲದ್ದನ್ನು ಹಾಕಿದ. ಅಂಗೈಯಗಲದ ಜಿಲೇಬಿ ಮೀನುಗಳು ಕಚ್ಚಿ ಕಚ್ಚಿ ಅದನ್ನು ಚಿಂದಿ ಮಾಡಿದವು. ದಡದಲ್ಲಿ ಕೂತು ನೋಡುತ್ತಿದ್ದ ಅದೇ ಹಿರಿಯರು, "ಯಾವ ಮೀನು ಬೇಕು ಅಂತ ಮೊದಲು ತೀರ್ಮಾನ ಮಾಡೋ ಮಗಾ. ಆಮೇಲೆ ಅದರ ಬಾಯಿ ನೋಡು. ಆಮೇಲೆ ತುತ್ತು ಕಟ್ಟು" ಎಂದರು. ಮೂರನೆಯ ದಿನ ನಾಲ್ಕೂವರೆ ಅಂಗುಲದ, ಮೈ ತುಂಬಿದ ಕಪ್ಪು ಹುಳುವಿಗೆ ಸಂಜೆಯೊಳಗೆ ಮೂರು ಕೊರವ ಬಿದ್ದವು. ಹುಳು ಅದೇ ಪೆಟ್ಟಿಗೆಯದು, ಹೊಂಡ ಅದೇ. ಬದಲಾದದ್ದು ಗಾತ್ರವೊಂದೇ.

ಈ ರಬ್ಬರ್ ಹುಳು ನಿಜವಾಗಿ ರಬ್ಬರಿನದಲ್ಲ, ಮೆದುಗೊಳಿಸಿದ ಪ್ಲಾಸ್ಟಿಕ್. ಇದರ ಹುಟ್ಟೂರು ಅಮೆರಿಕ. ಒಹಾಯೊ ರಾಜ್ಯದ ಆಕ್ರನ್ ಪಟ್ಟಣದ ನಿಕ್ ಕ್ರೀಮ್ ಎಂಬಾತ 1949ರಲ್ಲಿ ತನ್ನ ಮನೆಯಲ್ಲೇ ವಿನೈಲ್, ಎಣ್ಣೆ ಮತ್ತು ಬಣ್ಣಗಳನ್ನು ಬೆರೆಸಿ ಕಾಯಿಸಿ, ಅಚ್ಚಿಗೆ ಹೊಯ್ದು ಇಂಥ ಹುಳು ಮಾಡಿದ. ಮುಂದೆ ಟೆಕ್ಸಾಸಿನ ಟೈಲರ್ ಪಟ್ಟಣದಲ್ಲಿ ಅದರ ಕಾರ್ಖಾನೆ ಬೆಳೆಯಿತು. ಅಲ್ಲಿನವರು ಇದನ್ನು ಹೆಚ್ಚಾಗಿ ಬಳಸುವುದು ಬಾಸ್ ಎಂಬ ಮೀನಿಗೆ. ದೊಡ್ಡಬಾಯಿಯ ಬಾಸ್ ಉತ್ತರ ಅಮೆರಿಕದ ಸಿಹಿನೀರಿನ ಮೀನು, ನಮ್ಮ ಕೆರೆಯದಲ್ಲ. ಹೆಸರಿಗೆ ತಕ್ಕಂತೆ ಅದರ ಬಾಯಿ ಕಣ್ಣನ್ನು ದಾಟಿ ಹಿಂದಕ್ಕೆ ಹೋಗುತ್ತದೆ. ಕಳೆಯ ಮರೆಯಲ್ಲಿ ಹೊಂಚು ಹಾಕಿ, ಬಾಯಿ ತೆರೆದು ನೀರಿನ ಸಮೇತ ಬೇಟೆಯನ್ನು ಒಳಗೆಳೆದುಕೊಳ್ಳುತ್ತದೆ. ನಮ್ಮ ಕೊರವನ ಕಸುಬೂ ಹೆಚ್ಚುಕಡಿಮೆ ಅದೇ. ಜಾತಿ ಬೇರೆ, ಸಂಬಂಧವಿಲ್ಲ. ಆದರೆ ಎರಡೂ ಕಳೆಯಂಚಿನ ಕಳ್ಳರು. ಆದ್ದರಿಂದಲೇ ಅಲ್ಲಿಯ ಹುಳು ಇಲ್ಲಿಯೂ ನಡೆಯುತ್ತದೆ.

ಅಳೆಯಬೇಕಾದದ್ದು ಯಾವುದು?

ಮಾಂಸಾಹಾರಿ ಮೀನು ಅಗಿದು ತಿನ್ನುವ ಪ್ರಾಣಿಯಲ್ಲ, ಇಡಿಯಾಗಿ ನುಂಗುತ್ತದೆ. ನುಂಗುವುದಕ್ಕೆ ಅಡ್ಡಿಯಾಗುವುದು ಬೇಟೆಯ ಉದ್ದಕ್ಕಿಂತ ಹೆಚ್ಚಾಗಿ ಅದರ ದಪ್ಪ ಮತ್ತು ಅಗಲ. ಹಾವು ಮೀನಿನಂಥ ಸಪೂರ ಬೇಟೆ ಉದ್ದವಿದ್ದರೂ ಒಳಗೆ ಹೋಗುತ್ತದೆ. ಚಪ್ಪಟೆ ಮೈಯ ಜಿಲೇಬಿ ಮೀನು ಅದರ ಅರ್ಧ ಉದ್ದವಿದ್ದರೂ ಗಂಟಲಿಗೆ ಅಡ್ಡ ನಿಲ್ಲುತ್ತದೆ. ಆದಕಾರಣ ಆರು ಅಂಗುಲದ ಹುಳು ಎಂದರೆ ಆರು ಅಂಗುಲದ ಮೀನಿನಷ್ಟು ದೊಡ್ಡ ತುತ್ತಲ್ಲ. ಅಂಗಡಿಯಲ್ಲಿ ಹುಳುವಿನ ಉದ್ದವನ್ನು ಮಾತ್ರ ಕೇಳಿ ಕೊಳ್ಳುವವರು ಇದನ್ನು ಗಮನಿಸುವುದಿಲ್ಲ.

ಅಮೆರಿಕದ ಬಾಸ್ ಹಿಡಿಯುವವರ ವಾಡಿಕೆ ಹೀಗಿದೆ. ಆರರಿಂದ ಏಳು ಅಂಗುಲದ ಹುಳು ಎಲ್ಲ ಕಾಲಕ್ಕೂ ಒಗ್ಗುವ ನಡುವಿನ ಗಾತ್ರ. ನೀರು ತಣ್ಣಗಿದ್ದಾಗ, ತಿಳಿಯಾಗಿದ್ದಾಗ, ಮೀನು ಮಂಕಾಗಿದ್ದಾಗ ನಾಲ್ಕು ಅಂಗುಲಕ್ಕೆ ಇಳಿಯುತ್ತಾರೆ. ಬೇಸಿಗೆಯಲ್ಲಿ, ಆಳದ ನೀರಿನಲ್ಲಿ, ದೊಡ್ಡ ಮೀನನ್ನೇ ಬಯಸಿದಾಗ ಹತ್ತು ಅಂಗುಲಕ್ಕೆ ಏರುತ್ತಾರೆ. ಇದರ ಹಿಂದೆ ಸರಳ ಕಾರಣಗಳಿವೆ. ಮೀನು ತಣ್ಣನೆ ರಕ್ತದ ಪ್ರಾಣಿ. ನೀರು ತಣ್ಣಗಾದರೆ ಅದರ ಜೀರ್ಣಶಕ್ತಿ ಕುಗ್ಗುತ್ತದೆ, ದೊಡ್ಡ ತುತ್ತಿಗೆ ಮನಸ್ಸು ಮಾಡುವುದಿಲ್ಲ. ತಿಳಿನೀರಿನಲ್ಲಿ ಅದು ತುತ್ತನ್ನು ಚೆನ್ನಾಗಿ ನೋಡಿ ಅನುಮಾನಪಡುತ್ತದೆ. ಬಗ್ಗಡ ನೀರಿನಲ್ಲಿ ಕಣ್ಣು ನಡೆಯದು. ಆಗ ಮೈಯ ಎರಡೂ ಬದಿಯ ಪಾರ್ಶ್ವರೇಖೆಯಿಂದ ನೀರಿನ ಅದಿರಾಟವನ್ನು ಗುರುತಿಸಿ ಬೇಟೆ ಹುಡುಕುತ್ತದೆ. ನೀರನ್ನು ಚೆನ್ನಾಗಿ ಕಲಕುವ ದಪ್ಪ, ಕಪ್ಪು ಹುಳು ಅಲ್ಲಿ ಬೇಕು.

"ದೊಡ್ಡ ಹುಳುವಿಗೆ ದೊಡ್ಡ ಮೀನು" ಎಂಬ ಮಾತು ಅರ್ಧ ಸತ್ಯ. ದೊಡ್ಡ ಹುಳು ಸಣ್ಣ ಮೀನನ್ನು ದೂರವಿಡುತ್ತದೆ ಎಂಬುದು ನಿಜ. ಅಷ್ಟರಿಂದಲೇ ದೊಡ್ಡ ಮೀನು ಬಂದುಬಿಡುತ್ತದೆ ಎಂದಲ್ಲ. ನೀರಿನಲ್ಲಿ ಇಲ್ಲದ ಮೀನನ್ನು ಯಾವ ಹುಳುವೂ ಹಿಡಿಯದು. ಕಾವೇರಿಯಲ್ಲಿ ಮಹಶೀರ್ ಅಥವಾ ಬಿಳಿಮೀನಿಗೆ ಗಾಳ ಹಾಕುತ್ತಿದ್ದವರು ರಾಗಿ ಹಿಟ್ಟನ್ನು ಬೇಯಿಸಿ ನಾದಿ, ಗಟ್ಟಿಯಾದ ದೊಡ್ಡ ಉಂಡೆ ಕಟ್ಟುತ್ತಿದ್ದುದು ಈ ಲೆಕ್ಕದಿಂದಲೇ. ಚಿಲ್ಲರೆ ಮೀನು ಕಿತ್ತು ತಿಂದರೂ ದೊಡ್ಡದು ಬರುವವರೆಗೆ ಉಂಡೆ ಉಳಿಯಬೇಕು. 1946ರಲ್ಲಿ ಕಬಿನಿಯಲ್ಲಿ ವಾನ್ ಇಂಗೆನ್ ಹಿಡಿದ 120 ಪೌಂಡಿನ ಮಹಶೀರ್ ಇಂದಿಗೂ ಮಾತಿನಲ್ಲಿದೆ. ಆದರೆ ಕಾವೇರಿಯ ಆ ಡುಬ್ಬದ ಮಹಶೀರ್ ಇಂದು ಅಳಿವಿನಂಚಿನಲ್ಲಿದೆ. ಅದನ್ನು ಹಿಡಿಯುವ ಆಸೆ ಯಾರಿಗೂ ಬೇಡ. ಇಲ್ಲಿ ನಮಗೆ ಬೇಕಾದದ್ದು ಆ ಉಂಡೆಯ ಬುದ್ಧಿ ಮಾತ್ರ.

ಕೊಕ್ಕೆಯ ನಂಬರಿನ ಗೊಂದಲ

ಹುಳು ಸರಿಯಾಗಿದ್ದೂ ಕೊಕ್ಕೆ ತಪ್ಪಾದರೆ ಶ್ರಮ ವ್ಯರ್ಥ. ಕೊಕ್ಕೆಯ ನಂಬರು ಬಹಳ ಜನರನ್ನು ದಾರಿತಪ್ಪಿಸುತ್ತದೆ. 12ನೇ ನಂಬರಿನ ಕೊಕ್ಕೆ 6ನೇ ನಂಬರಿಗಿಂತ ಚಿಕ್ಕದು. ನಂಬರು ಇಳಿದಂತೆ ಕೊಕ್ಕೆ ದೊಡ್ಡದಾಗುತ್ತ 1ಕ್ಕೆ ಬರುತ್ತದೆ. ಅಲ್ಲಿಂದ ಮುಂದೆ 1/0, 2/0, 3/0 ಎಂದು ಬರೆಯುತ್ತಾರೆ. ಇಲ್ಲಿ ಅಂಕಿ ಏರಿದಂತೆ ಕೊಕ್ಕೆಯೂ ದೊಡ್ಡದಾಗುತ್ತದೆ. ನಾಲ್ಕು ಅಂಗುಲದ ಹುಳುವಿಗೆ 1/0 ಅಥವಾ 2/0, ಆರೇಳು ಅಂಗುಲಕ್ಕೆ 3/0, ಹತ್ತು ಅಂಗುಲಕ್ಕೆ 5/0 ಸಾಮಾನ್ಯವಾಗಿ ಹೊಂದುತ್ತದೆ.

ಆದರೆ ನಂಬರಿಗಿಂತ ಮುಖ್ಯವಾದದ್ದು ಕೊಕ್ಕೆಯ ಬಾಗಿನಲ್ಲಿರುವ ತೆರಪು. ಕಳೆಗೆ ಸಿಕ್ಕಿಕೊಳ್ಳದಿರಲಿ ಎಂದು ಕೊಕ್ಕೆಯ ಮೊನೆಯನ್ನು ಹುಳುವಿನ ಮೈಯೊಳಗೇ ಅಡಗಿಸುವ ಒಂದು ಕ್ರಮವಿದೆ. ಹುಳುವಿನ ಮುಂದೆ ಗುಂಡಿನಾಕಾರದ ಸೀಸ ಪೋಣಿಸುತ್ತಾರೆ. ಅಮೆರಿಕದವರು ಇದನ್ನು ಟೆಕ್ಸಾಸ್ ಕಟ್ಟು ಎನ್ನುತ್ತಾರೆ. ಮೀನು ಕಚ್ಚಿದಾಗ ಪ್ಲಾಸ್ಟಿಕ್ ಒತ್ತಿಹೋಗಿ ಮೊನೆ ಹೊರಬರಬೇಕು. ಹುಳುವಿನ ದಪ್ಪಕ್ಕಿಂತ ಕೊಕ್ಕೆಯ ತೆರಪು ಸಾಕಷ್ಟು ಹೆಚ್ಚಿಲ್ಲದಿದ್ದರೆ ಒತ್ತಿದ ಪ್ಲಾಸ್ಟಿಕ್ಕೇ ತೆರಪನ್ನು ತುಂಬಿಕೊಂಡು ಮೊನೆ ಮೀನಿಗೆ ತಗಲುವುದಿಲ್ಲ. ನನ್ನ ಸೋದರಳಿಯನ ಎಂಟು ಅಂಗುಲದ ಹುಳುವಿನ ಕತೆಯಲ್ಲಿ ಇದ್ದ ತಪ್ಪು ಎರಡು. ಹುಳು ಉದ್ದವಾದ್ದರಿಂದ ಕೊರವ ಬಾಲವನ್ನಷ್ಟೇ ಹಿಡಿಯುತ್ತಿತ್ತು. ಕೊಕ್ಕೆ ಚಿಕ್ಕದಾದ್ದರಿಂದ ಹಿಡಿದದ್ದೂ ನಾಟುತ್ತಿರಲಿಲ್ಲ.

ನಮ್ಮ ಹೊಂಡಕ್ಕೆ ಯಾವುದು?

ಪ್ಲಾಸ್ಟಿಕ್ ಹುಳುವೇ ಬೇಕೆಂದು ನಾನು ಹೇಳುವುದಿಲ್ಲ. ಸಗಣಿಗುಂಡಿಯ ಬದಿಯಲ್ಲಿ ಕೆದಕಿದರೆ ಸಿಗುವ ಎರೆಹುಳು ನಮ್ಮ ಕೈಗೆ ಸುಲಭ. ಅದಕ್ಕೂ ಇದೇ ನಿಯಮ. 12ನೇ ನಂಬರಿನ ಕೊಕ್ಕೆಗೆ ಎರೆಹುಳುವಿನ ತುಂಡು ಸಿಕ್ಕಿಸಿ ಬೆಂಡು ಕಟ್ಟಿ ಬಿಟ್ಟರೆ ಬರುವುದು ಚಿಲ್ಲರೆ ಮೀನು ಮತ್ತು ನೀವೇ ದುಡ್ಡು ಕೊಟ್ಟು ಬಿಟ್ಟ ಗೆಂಡೆ ಮರಿ. ಮಕ್ಕಳು ಆಟಕ್ಕೆಂದು ಸಾಕು ಹೊಂಡದಲ್ಲಿ ಇಂಥ ಗಾಳ ಹಾಕುವುದನ್ನು ಹಿರಿಯರು ತಡೆಯಬೇಕು. ದಿನಕ್ಕೆ ಹತ್ತು ಮರಿಯಂತೆ ಹೋದರೂ ಹಂಗಾಮಿನ ಕೊನೆಗೆ ಎಷ್ಟಾಯಿತೆಂದು ಲೆಕ್ಕ ಹಾಕಿ. ಅದೇ ನಾಲ್ಕೈದು ದಪ್ಪ ಎರೆಹುಳುಗಳನ್ನು ಗೊಂಚಲಾಗಿ 1 ಅಥವಾ 1/0 ಕೊಕ್ಕೆಗೆ ಪೋಣಿಸಿ, ಕಳೆಯಂಚಿನಲ್ಲಿ ಇಳಿಬಿಟ್ಟರೆ ಗೆಂಡೆ ಮರಿಯ ಬಾಯಿಗೆ ಆ ಕೊಕ್ಕೆ ಹಿಡಿಯುವುದಿಲ್ಲ. ಕೊರವನಿಗೆ ಅದು ಸರಿಯಾದ ತುತ್ತು.

ಕೊರವನಿಗೆ ಜೀವಂತ ಕಪ್ಪೆಯನ್ನು ಸಿಕ್ಕಿಸುವ ಪದ್ಧತಿ ಹಲವು ಕಡೆ ಇದೆ. ಇದನ್ನು ಬಿಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಗದ್ದೆಯಲ್ಲಿ ಕೀಟ ತಿಂದು ನಮಗೆ ಉಪಕಾರ ಮಾಡುವ ಪ್ರಾಣಿಯನ್ನು ಹಿಡಿದು ಹಿಂಸಿಸುವುದು ರೈತನಿಗೆ ಶೋಭೆಯಲ್ಲ, ಲಾಭವೂ ಅಲ್ಲ. ಎರಡು ಎರಡೂವರೆ ಅಂಗುಲದ ಟೊಳ್ಳು ಮೈಯ ರಬ್ಬರ್ ಕಪ್ಪೆ ಪೇಟೆಯಲ್ಲಿ ಸಿಗುತ್ತದೆ. ಕೊಕ್ಕೆಯ ಮೊನೆಗಳು ಮೈಗೆ ಒತ್ತಿಕೊಂಡಿರುವುದರಿಂದ ಅದು ತಾವರೆ ಎಲೆ, ಪಾಚಿಯ ಮೇಲೂ ಸಿಕ್ಕಿಕೊಳ್ಳದೆ ಜಾರುತ್ತದೆ. ಒಂದು ಕಪ್ಪೆ ಜೋಪಾನ ಮಾಡಿದರೆ ಬಹುಕಾಲ ಬಾಳುತ್ತದೆ.

ನನ್ನ ಹೊಂಡದ ಅನುಭವದಿಂದ ಹೇಳುವುದಾದರೆ, ಒಂದು ಕಿಲೋ ಆಸುಪಾಸಿನ ಕೊರವನಿಗೆ ನಾಲ್ಕರಿಂದ ಐದು ಅಂಗುಲದ, ಕಿರುಬೆರಳಿನ ದಪ್ಪದ ಹುಳು ಮತ್ತು 3/0 ಕೊಕ್ಕೆ ಸಾಕು. ಮಲೆನಾಡಿನ ಹೊಳೆ, ಹಿನ್ನೀರುಗಳ ಅವಲು ಮೀನು ಇದಕ್ಕಿಂತ ಬಹಳ ದೊಡ್ಡದಾಗಿ ಬೆಳೆಯುವುದರಿಂದ ಅದರ ಲೆಕ್ಕವೇ ಬೇರೆ. ಕೊರವ ಗಾಳಿ ಕುಡಿಯಲು ಮೇಲೆ ಬಂದು ಗುಳುಕ್ ಎಂದು ಸದ್ದು ಮಾಡುತ್ತದೆ. ಬೆಳಗಿನ ಜಾವ ಮತ್ತು ಸಂಜೆ ದಡದಲ್ಲಿ ಸದ್ದಿಲ್ಲದೆ ಅರ್ಧ ಗಂಟೆ ನಿಂತರೆ ಅದರ ಠಾವು ತಿಳಿಯುತ್ತದೆ. ಅದರ ಹಲ್ಲು ಚೂಪು; ಸಪೂರ ದಾರ ಬೇಡ.

ಇನ್ನೊಂದು ಮಾತು. ಮಳೆಗಾಲದಲ್ಲಿ ಕೆಂಪು ಬಣ್ಣದ ಸಣ್ಣ ಮರಿಗಳ ಗುಂಪು ನೀರಿನ ಮೇಲೆ ಉಂಡೆಯಂತೆ ತಿರುಗುತ್ತಿರುತ್ತದೆ. ಅದರ ಕೆಳಗೆ ತಾಯಿ ತಂದೆ ಕೊರವ ಕಾವಲಿರುತ್ತವೆ. ಹತ್ತಿರ ಬಂದದ್ದನ್ನೆಲ್ಲ ಕಚ್ಚುತ್ತವೆ. ಆಗ ಹಿಡಿಯುವುದು ಬಲು ಸುಲಭ. ಸಾಕು ಹೊಂಡವಾದರೆ ತಾಯಿ, ಮರಿ ಎರಡನ್ನೂ ತೆಗೆಯಲೇಬೇಕು. ಆದರೆ ಊರ ಕೆರೆಯಲ್ಲಿ, ಹೊಳೆಯಲ್ಲಿ ಈ ಕಾಲದಲ್ಲಿ ಅದರ ತಂಟೆಗೆ ಹೋಗಬಾರದು. ಕಾವಲು ಹೋದರೆ ಇಡೀ ಸಂಸಾರವೇ ಬೇರೆ ಮೀನಿನ ಪಾಲು. ಕೆರೆಯಲ್ಲಿ ಮೀನು ಹಿಡಿಯುವ ಹಕ್ಕನ್ನು ಸಂಘಕ್ಕೋ ವ್ಯಕ್ತಿಗೋ ಗುತ್ತಿಗೆ ಕೊಟ್ಟಿದ್ದರೆ ಅವರ ಒಪ್ಪಿಗೆಯಿಲ್ಲದೆ ಗಾಳ ಹಾಕುವುದು ಹೊಲದ ತೆನೆ ಕಿತ್ತಂತೆಯೇ ಸರಿ.

ಬಿತ್ತನೆ ಮರಿಗೂ ಇದೇ ಅಳತೆ

ಈಗ ನನ್ನ ಮುಖ್ಯ ವಿಷಯಕ್ಕೆ ಬರುತ್ತೇನೆ. ಯಾವ ಗಾತ್ರದ ಹುಳುವನ್ನು ಮೀನು ನುಂಗುತ್ತದೆ ಎಂದು ತಿಳಿದವನಿಗೆ, ಯಾವ ಗಾತ್ರದ ಮರಿಯನ್ನು ಅದು ನುಂಗಲಾರದು ಎಂಬುದೂ ತಿಳಿಯುತ್ತದೆ. ಗಾಳ ಹಾಕುವವನು ಬಾಯಿಗೆ ಹಿಡಿಯುವ ತುತ್ತನ್ನು ಹುಡುಕುತ್ತಾನೆ. ಮೀನು ಸಾಕುವವನು ಬಾಯಿಗೆ ಹಿಡಿಯದ ಮರಿಯನ್ನು ಹುಡುಕಬೇಕು. ಅಳತೆಕೋಲು ಒಂದೇ, ಹಿಡಿಯುವ ತುದಿ ಬೇರೆ.

ಅಮೆರಿಕದ ರೈತರ ಹೊಂಡಗಳಲ್ಲಿ ಬಾಸ್ ಮೀನು ಬಂದದ್ದೂ ಈ ಲೆಕ್ಕದಿಂದ. ಅಲಬಾಮಾ ರಾಜ್ಯದ ಆಬರ್ನ್ ಕೃಷಿ ಪ್ರಯೋಗ ಕೇಂದ್ರದಲ್ಲಿ ಎಚ್. ಎಸ್. ಸ್ವಿಂಗಲ್ ಮತ್ತು ಅವರ ಜೊತೆಗಾರರು 1930ರ ದಶಕದಿಂದ ಕೃಷಿ ಹೊಂಡಗಳ ಮೇಲೆ ಪ್ರಯೋಗ ನಡೆಸಿದರು. ಬ್ಲೂಗಿಲ್ ಎಂಬ ಚಪ್ಪಟೆ ಮೀನನ್ನು ಮಾತ್ರ ಬಿಟ್ಟರೆ ಅದು ಮಿತಿಮೀರಿ ಮರಿಹಾಕಿ, ಎಲ್ಲವೂ ಕುಳ್ಳಾಗಿ ಉಳಿಯುತ್ತಿತ್ತು. ಜೊತೆಗೆ ಬಾಸ್ ಬಿಟ್ಟಾಗ ಅದು ಸಣ್ಣ ಮರಿಗಳನ್ನು ತಿಂದು ಉಳಿದವಕ್ಕೆ ಬೆಳೆಯಲು ಜಾಗ ಮಾಡಿಕೊಟ್ಟಿತು. ಅಂದರೆ ಬೇಟೆಯ ಮೀನು ಯಾವಾಗಲೂ ಶತ್ರುವೇ ಎಂದಲ್ಲ. ಬೇಡದ ಕಾಲದಲ್ಲಿ, ಬೇಡದ ಗಾತ್ರದಲ್ಲಿ ಇದ್ದರೆ ಮಾತ್ರ ಶತ್ರು. ನಮ್ಮಲ್ಲಿ ಜಿಲೇಬಿ ಮೀನು ತುಂಬಿ ಅಂಗೈಯಗಲಕ್ಕಿಂತ ಬೆಳೆಯದ ಹೊಂಡಗಳಿವೆ. ಅಂಥಲ್ಲಿ ಸಣ್ಣ ಕೊರವಗಳು ಕೆಲವಿದ್ದರೆ ಉಪಕಾರವೇ. ಗೆಂಡೆ ಮರಿ ಬಿಟ್ಟ ಹೊಂಡದಲ್ಲಿ ಅದೇ ಕೊರವ ಕುರಿಹಟ್ಟಿಗೆ ಹೊಕ್ಕ ತೋಳ.

ಬಾಸ್ ತನ್ನ ಉದ್ದದ ಸುಮಾರು ಮೂರನೆಯ ಒಂದರಷ್ಟು ಉದ್ದದ ಬ್ಲೂಗಿಲ್ಲನ್ನು ನುಂಗಬಲ್ಲದು ಎಂಬುದು ಅಲ್ಲಿಯ ಸ್ಥೂಲ ಲೆಕ್ಕ. ಇದನ್ನೇ ಕೊರವನಿಗೆ ಹಚ್ಚಿ ನಿಶ್ಚಿಂತರಾಗುವಂತಿಲ್ಲ. ಗೆಂಡೆ ಮರಿ ಬ್ಲೂಗಿಲ್ಲಿನಷ್ಟು ಅಗಲವಲ್ಲ, ಇನ್ನೂ ಸಲೀಸಾಗಿ ಇಳಿಯುತ್ತದೆ. ಈ ಲೆಕ್ಕವನ್ನೇ ಹಿಡಿದರೂ ಒಂದು ಅಡಿಯ ಕೊರವನಿಗೆ ನಾಲ್ಕು ಅಂಗುಲದ ಮರಿ ಎಟುಕುತ್ತದೆ. ಒಂದು ಅಂಗುಲದ ಮರಿಯಂತೂ ಅಂಗೈ ಉದ್ದದ ಕೊರವನಿಗೂ ತಿಂಡಿ. ಆದ್ದರಿಂದ ಬಲಿತ ಮರಿ ಬಿಡುವುದು ಮತ್ತು ಕೊರವನ್ನು ಮೊದಲೇ ತೆಗೆಯುವುದು, ಎರಡೂ ಆಗಬೇಕು. ಒಂದನ್ನು ಮಾಡಿ ಇನ್ನೊಂದನ್ನು ಬಿಟ್ಟರೆ ನನ್ನ ಗತಿಯೇ.

ಇದಕ್ಕೆ ನಾನು ಈಗ ಅನುಸರಿಸುವ ಕ್ರಮ ಇಷ್ಟು. ಬೇಸಿಗೆಯಲ್ಲಿ ಸಾಧ್ಯವಾದರೆ ಹೊಂಡವನ್ನು ಪೂರ್ತಿ ಬತ್ತಿಸಿ, ಕೆಸರು ಬಿರಿಯುವವರೆಗೆ ಒಣಗಿಸುವುದು. ಬತ್ತಿಸಲಾಗದಿದ್ದರೆ ಹಿಪ್ಪೆ ಹಿಂಡಿ ಹಾಕುವುದು; ಒಂದು ಹೆಕ್ಟೇರ್ ವಿಸ್ತಾರದಲ್ಲಿ ಒಂದು ಮೀಟರ್ ಆಳದ ನೀರಿಗೆ 2,500 ಕಿಲೋ ಶಿಫಾರಸು. ಅದರಲ್ಲಿರುವ ಸಪೋನಿನ್ ಎಂಬ ಅಂಶ ಮೀನನ್ನು ಕೊಲ್ಲುತ್ತದೆ. ಎರಡು ಮೂರು ವಾರದಲ್ಲಿ ವಿಷದ ಗುಣ ಇಳಿದು ಹಿಂಡಿ ಗೊಬ್ಬರವಾಗುತ್ತದೆ. ಆವರೆಗೆ ಮರಿ ಬಿಡಬಾರದು. ಇವೆರಡೂ ಆಗದ ಹೊಂಡದಲ್ಲಿ, ಅಥವಾ ಮರಿ ಬಿಟ್ಟ ಮೇಲೆ ಕೊರವ ಕಾಣಿಸಿಕೊಂಡರೆ, ಸರಿಯಾದ ಗಾತ್ರದ ಗಾಳವೇ ಉಪಾಯ. ಅದು ಗೆಂಡೆಯನ್ನು ಮುಟ್ಟದೆ ಕೊರವನ್ನಷ್ಟೇ ಆರಿಸುತ್ತದೆ. ಬಲೆಗೆ ಆ ವಿವೇಕವಿಲ್ಲ. ನೀರು ಬರುವ ಬಾಯಿಗೆ ಸಣ್ಣ ಕಣ್ಣಿನ ಜಾಲರಿ, ದಡದ ಕಳೆ ತೆಗೆಯುವುದು, ಆಮೇಲೆ ನಾಲ್ಕು ಅಂಗುಲಕ್ಕೆ ಕಡಿಮೆಯಿಲ್ಲದ ಬಲಿತ ಮರಿಗಳು, ಎಕರೆಗೆ 2,000ದಿಂದ 4,000ದ ಲೆಕ್ಕದಲ್ಲಿ. ಬಲಿತ ಮರಿ ಕೊಳ್ಳಲು ಹಣ ಸಾಲದಿದ್ದರೆ ಸಣ್ಣ ಮರಿಗಳನ್ನು ತಂದು ಬಲೆ ಕಟ್ಟಿದ ಆವರಣದಲ್ಲಿ ಎರಡು ಮೂರು ತಿಂಗಳು ಸಾಕಿ, ಬೆರಳುದ್ದ ಮಾಡಿಕೊಂಡು ಹೊಂಡಕ್ಕೆ ಬಿಡಬಹುದು.

2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ನಮ್ಮ ರಾಜ್ಯದ ಒಣಭೂಮಿಯಲ್ಲೂ ಹೊಂಡಗಳು ಹೆಚ್ಚಿವೆ. ಹೊಂಡ ತೋಡುವುದು, ಹಾಳೆ ಹಾಸುವುದು ರೈತರಿಗೆ ಗೊತ್ತಾಗಿದೆ. ಮರಿಯ ಗಾತ್ರದ ವಿಷಯ ಅಷ್ಟು ಗೊತ್ತಾಗಿಲ್ಲ. 1969ರಿಂದಲೇ ಮಂಗಳೂರಿನಲ್ಲಿ ಮೀನುಗಾರಿಕೆ ಕಾಲೇಜು ಇರುವ ನಾಡು ನಮ್ಮದು. ವಿಜ್ಞಾನ ದೂರವಿಲ್ಲ, ಮರಿ ಕೊಳ್ಳುವ ಗಳಿಗೆಯಲ್ಲಿ ರೈತ ಅಳತೆಕೋಲು ಹಿಡಿದು ನಿಲ್ಲುವುದಷ್ಟೇ ಬಾಕಿ. ಸಾವಿರಕ್ಕೆ ಎಷ್ಟು ಎಂದು ಕೇಳುವ ಮೊದಲು ಎಷ್ಟು ಅಂಗುಲ ಎಂದು ಕೇಳಬೇಕು.

ನೀರಿನಲ್ಲಿ ಉಳಿಯುವ ಹುಳು

ಪ್ಲಾಸ್ಟಿಕ್ ಹುಳುವಿನ ಗುಣ ಹೇಳಿದ ಮೇಲೆ ದೋಷವನ್ನೂ ಹೇಳಬೇಕು. ಎರೆಹುಳು ಕಳಚಿ ಬಿದ್ದರೆ ಕೊಳೆತು ಹೋಗುತ್ತದೆ. ಪ್ಲಾಸ್ಟಿಕ್ ಹುಳು ತಳದಲ್ಲಿ ಹಾಗೇ ಉಳಿಯುತ್ತದೆ. ಮೀನು ಅದನ್ನು ತಿನ್ನುತ್ತದೆ. ಅಮೆರಿಕದ ಮೇನ್ ರಾಜ್ಯದಲ್ಲಿ ಟ್ರೌಟ್ ಮೀನುಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ತೊಟ್ಟಿಯಲ್ಲಿ ಹಾಕಿದ ಇಂಥ ಹುಳುಗಳನ್ನು ಮೀನುಗಳು ತಾವಾಗಿಯೇ ನುಂಗಿದವು. ಕೆಲವುಗಳ ಹೊಟ್ಟೆಯಲ್ಲಿ ಅವು ಉಳಿದು, ಹುಳು ತಿಂದ ಮೀನುಗಳ ತೂಕ ಇಳಿಯಿತು. ನಮ್ಮ ಹೊಂಡದ ನೀರನ್ನು ದನಕರುಗಳೂ ಕುಡಿಯುತ್ತವೆ, ದಡದಲ್ಲಿ ಅವು ಮೇಯುತ್ತವೆ. ಹರಿದ ಹುಳು, ತುಂಡಾದ ನೈಲಾನ್ ದಾರ, ತುಕ್ಕುಹಿಡಿದ ಕೊಕ್ಕೆ ದಡದಲ್ಲಿ ಬಿಟ್ಟು ಬರುವವನು ಮೀನುಗಾರನಲ್ಲ. ಎಷ್ಟು ಹುಳು ಒಯ್ದೆವೋ ಅಷ್ಟನ್ನೂ, ಹರಿದದ್ದಾದರೂ, ಎಣಿಸಿ ಮನೆಗೆ ತರಬೇಕು. ಇಲ್ಲಿಯೂ ಗಾತ್ರದ ಮಾತು ಬರುತ್ತದೆ. ಬಾಯಿಗೆ ಮೀರಿದ ಹುಳುವಿನ ಬಾಲವೇ ಹೆಚ್ಚಾಗಿ ಹರಿದು ನೀರಿನಲ್ಲಿ ಉಳಿಯುವುದು. ತೀರ ಚಿಕ್ಕ ಹುಳುವಿನ ಕೊಕ್ಕೆ ಗಂಟಲಿನ ಆಳಕ್ಕೆ ಇಳಿಯುತ್ತದೆ. ಬೇಡದ ಮೀನು ಕೊಕ್ಕೆ ನುಂಗಿಬಿಟ್ಟಿದ್ದರೆ ಎಳೆದು ಕರುಳು ಹರಿಯಬೇಡಿ. ದಾರವನ್ನು ಬಾಯಿಯ ಹತ್ತಿರ ಕತ್ತರಿಸಿ ಬಿಟ್ಟರೆ ಅದು ಬದುಕುವ ಸಂಭವ ಹೆಚ್ಚು. ಮೀನನ್ನು ಒದ್ದೆ ಕೈಯಲ್ಲೇ ಹಿಡಿಯಬೇಕು. ಒಣ ಕೈ ಅದರ ಮೈಯ ಲೋಳೆಯನ್ನು ಕಿತ್ತು ರೋಗಕ್ಕೆ ದಾರಿಮಾಡುತ್ತದೆ.

ಕೊನೆಯದಾಗಿ

ಅತಿ ಚಿಕ್ಕದೂ ಬೇಡ, ಅತಿ ದೊಡ್ಡದೂ ಬೇಡ ಎಂದು ಸುಮ್ಮನೆ ನಡುದಾರಿ ತೋರಿಸುವುದು ನನ್ನ ಉದ್ದೇಶವಲ್ಲ. ನಡುವಿನ ಗಾತ್ರವೂ ತಪ್ಪಾಗಬಹುದು. ಯಾವ ಮೀನು ಬೇಕು, ಯಾವುದು ಬೇಡ ಎಂಬುದನ್ನು ಮೊದಲು ತೀರ್ಮಾನಿಸಿದವನಿಗೆ ಮಾತ್ರ ಸರಿಯಾದ ಗಾತ್ರ ಎಂಬುದು ಇರುತ್ತದೆ. ಬೀಜ ಬಿತ್ತುವಾಗ ಸಾಲಿನ ಅಂತರ ನೋಡುವ, ಜರಡಿಯ ಕಣ್ಣು ನೋಡಿ ಕಾಳು ಆರಿಸುವ ನಮಗೆ ಈ ಬುದ್ಧಿ ಹೊಸದಲ್ಲ. ನೀರಿನೊಳಗೆ ಕಣ್ಣಿಗೆ ಕಾಣುವುದಿಲ್ಲವೆಂದು ಅದನ್ನು ದಡದಲ್ಲೇ ಬಿಟ್ಟು ಇಳಿಯುತ್ತೇವೆ, ಅಷ್ಟೆ.

ಕಳೆದ ಹಂಗಾಮಿನಲ್ಲಿ ಮರಿ ಬಿಡುವ ಮೊದಲು ಗಾಳದಿಂದ ತೆಗೆದ ಕೊರವ ಒಟ್ಟು ಹದಿನಾಲ್ಕು. ಪೇಟೆಯಲ್ಲಿ ಜೀವಂತ ಕೊರವನಿಗೆ ಗೆಂಡೆಗಿಂತ ಒಳ್ಳೆಯ ಬೆಲೆ ಸಿಕ್ಕಿತು. ಬಲಿತ ಮರಿಗೆ ಕೊಟ್ಟ ಹೆಚ್ಚಿನ ದುಡ್ಡಿನ ಒಂದು ಪಾಲು ಅದರಿಂದಲೇ ಹುಟ್ಟಿತು. ಈ ಸಲ ಬಿಟ್ಟ ಮರಿಗಳು ಈಗ ಹಿಂಡಿ ಎರಚಿದ ಕೂಡಲೇ ಗುಂಪುಗೂಡಿ ಬಾಯಿ ಮೇಲೆತ್ತುತ್ತವೆ. ಹಿರಿಯರು ಮೊನ್ನೆ ಬಂದಿದ್ದರು. ಹೊಂಡದ ದಡದಲ್ಲಿ ಕೂತು ಬಹಳ ಹೊತ್ತು ನೋಡಿದರು. "ಈ ವರ್ಷ ನೀವು ಊಟ ಹಾಕ್ತಿರೋದು ನಿಮ್ಮ ಮೀನಿಗೇ ಸ್ವಾಮಿ" ಎಂದು ಹೇಳಿ, ಎಲೆ ಅಡಿಕೆ ಹಾಕಿಕೊಂಡು ಎದ್ದು ಹೋದರು.